ಕಣ್ಮುಚ್ಚಿಕೊಂಡು ನೋಡಬಹುದಾದ ಸಿನಿಮಾ

ಎಲ್ಲ ರಾದ್ಧಾಂತಕ್ಕೂ ಕಾರಣವಾದದ್ದು ಒಂದೇ ಒಂದು ಮಾತು. ಆಡಿದವನು ಸುಳ್ಳು ಹೇಳಿರಲಿಲ್ಲ, ಬಣ್ಣ ಕಟ್ಟಿರಲಿಲ್ಲ, ಯಾರಿಗೂ ಟೋಪಿ ಹಾಕಬೇಕೆಂದು ಕನಸಿನಲ್ಲೂ ಎಣಿಸಿರಲಿಲ್ಲ. "ಹೇಗಿದೆ ರೀ ಆ ಸಿನಿಮಾ?" ಎಂದು ಮ್ಯಾನೇಜರ್ ಕೇಳಿದರು. "ಕಣ್ಮುಚ್ಕೊಂಡು ನೋಡಬಹುದು ಸಾರ್," ಎಂದು ಇವನು ಹೇಳಿದ. ಅಪ್ಪಟ ಸತ್ಯ. ಆ ಸಿನಿಮಾವನ್ನು ಅವನು ಹೆಸರು ಬರುವಾಗಿನಿಂದ ದೀಪ ಹತ್ತುವವರೆಗೆ ಕಣ್ಣು ಮುಚ್ಚಿಕೊಂಡೇ ನೋಡಿದ್ದ.

ಆಫೀಸಿನಲ್ಲಿ ಇವನಿಗೆ ವಿಮರ್ಶಕ ಎಂದು ಅಡ್ಡಹೆಸರು. ಹಾಸಿಗೆ ತಯಾರಿಸುವ ಕಂಪನಿಯೊಂದರ ಶಾಖೆ ಅದು. ಇವನದು ದೂರು ವಿಭಾಗ. ಸ್ಪಂಜು ಕುಸಿದಿದೆ, ಬೆನ್ನು ಹಿಡಿದಿದೆ, ನಿಮ್ಮ ಹಾಸಿಗೆ ತಂದಾಗಿನಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ ಎಂದು ಊರಿನ ಜನ ಫೋನಿನಲ್ಲಿ ಕೂಗಾಡುವುದನ್ನು ದಿನವಿಡೀ ಕೇಳಿಸಿಕೊಂಡು, "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ ಸಾರ್" ಎನ್ನುವುದು ಅವನ ಕೆಲಸ. ಅರ್ಥವಾಗುತ್ತಿತ್ತು ಕೂಡ. ಅವನಷ್ಟು ಚೆನ್ನಾಗಿ ಆ ಕಷ್ಟ ಇನ್ಯಾರಿಗೆ ಅರ್ಥವಾಗಬೇಕು?

ಮನೆಯಲ್ಲಿ ಎರಡು ಕೋಣೆ, ಎರಡು ಮಕ್ಕಳು. ಅವಳಿ, ಇನ್ನೂ ವರ್ಷ ತುಂಬಿಲ್ಲ. ಎರಡೂ ಒಟ್ಟಿಗೆ ಅತ್ತಿದ್ದರೆ ಒಟ್ಟಿಗೆ ಮಲಗುತ್ತಿದ್ದವೋ ಏನೋ. ಅವು ಕಾರ್ಖಾನೆಯವರ ಹಾಗೆ ಪಾಳಿ ಹಾಕಿಕೊಂಡಿದ್ದವು. ದೊಡ್ಡದು ಸುಸ್ತಾಗಿ ಕಣ್ಣು ಮುಚ್ಚಿತು ಎನ್ನುವಷ್ಟರಲ್ಲಿ ಚಿಕ್ಕದು ಡ್ಯೂಟಿಗೆ ಹಾಜರು. ಗಂಡ ಹೆಂಡತಿ ಇಬ್ಬರೂ ಒಂದೊಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಎರಡು ಕೋಣೆಗಳಲ್ಲಿ ಎದುರುಬದುರಾಗಿ ನಡೆದಾಡುತ್ತಾ, ಬಾಗಿಲಲ್ಲಿ ಸಿಕ್ಕಾಗ ಪರಿಚಯಸ್ಥರಂತೆ ತಲೆ ಆಡಿಸುತ್ತಿದ್ದರು.

ಇದನ್ನೆಲ್ಲ ನೋಡಿ ಹೆಂಡತಿಗೇ ಕನಿಕರ ಬಂತು. "ಮದುವೆಗೆ ಮುಂಚೆ ಸಿನಿಮಾ ಅಂದ್ರೆ ಪ್ರಾಣ ಬಿಡ್ತಿದ್ರಂತೆ. ಭಾನುವಾರ ಮಧ್ಯಾಹ್ನ ಒಂದು ಆಟ ನೋಡ್ಕೊಂಡು ಬನ್ನಿ. ಮಕ್ಕಳನ್ನ ನಾನು ನೋಡ್ಕೋತೀನಿ," ಎಂದಳು. ಅವನು ಬೇಡ ಬೇಡ ಎಂದ. ಅವಳೇ ಚಪ್ಪಲಿ ತಂದು ಮುಂದಿಟ್ಟಳು.

ಮೊದಲ ಭಾನುವಾರ ಪಾಪ ಅವನು ಸಿನಿಮಾ ನೋಡಲೆಂದೇ ಹೋಗಿದ್ದ. ಆದರೆ ಆ ಕತ್ತಲು, ಆ ತಂಪು, ಆ ಮೆತ್ತನೆಯ ಸೀಟು, ಎಲ್ಲಕ್ಕಿಂತ ಮಿಗಿಲಾಗಿ ಅಳುವವರು ಯಾರಾದರೂ ಇದ್ದರೆ ಅದು ಪರದೆಯ ಮೇಲೆ, ಅವರನ್ನು ಎತ್ತಿಕೊಳ್ಳುವ ಜವಾಬ್ದಾರಿ ತನ್ನದಲ್ಲ ಎಂಬ ನೆಮ್ಮದಿ. ಕಸ ಗುಡಿಸುವವನು ಬಂದು ಭುಜ ಅಲುಗಿಸಿದಾಗಲೇ ಅವನಿಗೆ ಎಚ್ಚರ. ಹೆಂಡತಿ ಅಲ್ಲಿ ಎರಡನ್ನೂ ಹೊತ್ತು ತಿರುಗುತ್ತಿರುವಾಗ ತಾನು ಇಲ್ಲಿ ಗೊರಕೆ ಹೊಡೆದೆನಲ್ಲ ಎಂದು ಎದೆಯಲ್ಲಿ ಚುಳ್ಳೆಂದಿತು. ಹೇಳಿಯೇ ಬಿಡಬೇಕು ಎಂದುಕೊಂಡು ಮನೆಗೆ ಹೋದ. ಅವಳು ಬಾಗಿಲಲ್ಲೇ, "ಕಥೆ ಏನು? ಬೇಗ ಹೇಳಿ," ಎಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಒಂದು ಆಸೆ ಕಂಡಿತು. ಸರಿ, ಬರುವಾಗ ಗೋಡೆಯ ಮೇಲೆ ಕಂಡ ಪೋಸ್ಟರನ್ನು ನೆನೆಸಿಕೊಂಡು ಬಾಯಿಗೆ ಬಂದ ಕಥೆಯೊಂದನ್ನು ಹೆಣೆದು ಹೇಳಿದ. ಅವಳು ಮಗುವನ್ನು ತಟ್ಟುತ್ತಾ ಕೇಳಿದಳು. ಹೀಗೆ ಶುರುವಾದದ್ದು ಪ್ರತಿ ಭಾನುವಾರವೂ ನಡೆಯಿತು. ಜಗತ್ತಿನಲ್ಲಿ ಅವನು ಹೇಳುತ್ತಿದ್ದ ಸುಳ್ಳು ಅದೊಂದೇ.

ಆಫೀಸಿನಲ್ಲಿ ಮಾತ್ರ ಸತ್ಯವನ್ನೇ ಹೇಳುತ್ತಿದ್ದ. ಅಲ್ಲಿ ಯಾವ ಬಗೆಯ ಸಿನಿಮಾ ಬಗ್ಗೆ ಕೇಳಿದರೂ ಅವನಲ್ಲಿ ಗಟ್ಟಿಯಾದ ಅಭಿಪ್ರಾಯವಿತ್ತು. ಎಲ್ಲವೂ ಸ್ವಂತ ಅನುಭವದಿಂದ ಬಂದದ್ದು. ಹೊಡೆದಾಟದ ಸಿನಿಮಾ ಅವನ ಪ್ರಕಾರ ಪರವಾಗಿಲ್ಲ: ಹಿಟ್ಟಿನ ಗಿರಣಿ ಪಕ್ಕದ ಮನೆಯವರಿಗೆ ಗಿರಣಿ ಸದ್ದು ಒಗ್ಗಿಹೋಗುವಂತೆ ಅದೂ ಒಗ್ಗುತ್ತದೆ, ಸದ್ದು ನಿಂತಾಗಲಷ್ಟೇ ಎಚ್ಚರವಾಗುವುದು. "ಒಂದೇ ಲಯ ಇರುತ್ತೆ," ಎನ್ನುತ್ತಿದ್ದ. ದೆವ್ವದ ಸಿನಿಮಾ ತೆಗೆಯುವವರಿಗೆ ಕರುಣೆ ಎಂಬುದಿಲ್ಲ. ಹತ್ತು ನಿಮಿಷ ಸ್ಮಶಾನಮೌನ ಕೊಟ್ಟು, ಆಸಾಮಿ ಇನ್ನೇನು ಜಾರಿದ ಎನ್ನುವಾಗ ಕಿಟಾರನೆ ಕಿರುಚಿಸುತ್ತಾರೆ. "ಅದು ನಂಬಿಕೆದ್ರೋಹ," ಎಂದಿದ್ದ. ಪ್ರೇಮದ ಸಿನಿಮಾದಲ್ಲಿ ಹಾಡುಗಳೇನೋ ಜೋಗುಳದಂತೆ, ಆದರೆ ಪ್ರೇಮ ಪರದೆಯ ಮೇಲಷ್ಟೇ ಇರುವುದಿಲ್ಲ, ಹಿಂದಿನ ಸಾಲಿನಲ್ಲೂ ಪಿಸುಗುಟ್ಟುತ್ತಿರುತ್ತದೆ. ಪತ್ತೇದಾರಿ ಸಿನಿಮಾದಲ್ಲಿ ಪಕ್ಕದವನು ಪ್ರತಿ ಐದು ನಿಮಿಷಕ್ಕೆ "ಇವನೇ ಕೊಲೆಗಾರ, ಬರೆದಿಟ್ಕೊಳ್ಳಿ" ಎಂದು ಮೊಣಕೈಯಿಂದ ತಿವಿಯುತ್ತಾನೆ. ಸಂಸಾರದ ಕಣ್ಣೀರಿನ ಚಿತ್ರಗಳಲ್ಲಿ ಇಡೀ ಸಾಲು ಮೂಗು ಸೀಟುತ್ತಾ ಸೀಟುಗಳನ್ನು ಅಲುಗಿಸುತ್ತದೆ. ಎಲ್ಲಕ್ಕಿಂತ ಕಡೆಯದು ಹಾಸ್ಯ. "ಹಾಸ್ಯ ಸಿನಿಮಾ ಮನುಷ್ಯನ ನೆಮ್ಮದಿ ಹಾಳು ಮಾಡುತ್ತೆ," ಎಂದು ಅವನು ಅಂದ ದಿನ ಇಡೀ ಆಫೀಸು ಗಂಭೀರವಾಗಿ ತಲೆದೂಗಿತ್ತು. ಎಂಥ ಮಾತು ಹೇಳಿದರು ನೋಡಿ ಎಂದಿತ್ತು.

ಅವನಿಗೆ ನಿಜವಾಗಿ ಹಿಡಿಸಿದ್ದು ಪ್ರಶಸ್ತಿ ಬಂದ ಸಿನಿಮಾಗಳು. ಮಾತಿಲ್ಲ, ಸಂಗೀತವಿಲ್ಲ, ಜನವಂತೂ ಇಲ್ಲವೇ ಇಲ್ಲ. ಅಂಥದ್ದೊಂದನ್ನು ಒಂದು ಭಾನುವಾರ ಕಣ್ತುಂಬ ಅನುಭವಿಸಿದವನು ಮುಂದಿನ ಭಾನುವಾರವೂ ಅದಕ್ಕೇ ಹೋದ. ದಾರಿಯಲ್ಲಿ ಸಿಕ್ಕ ಸಹೋದ್ಯೋಗಿಯೊಬ್ಬನಿಂದ, ಎರಡು ಸಲ ನೋಡಿದರಂತೆ ಎಂಬ ಸುದ್ದಿ ಅಂದೇ ಹಬ್ಬಿತು. ಆ ಮೊದಲ ಸಲದ ಮಾರನೆಯ ದಿನವೇ ಮ್ಯಾನೇಜರ್ ಕೇಳಿದ್ದು, ಇವನು ಕಣ್ಮುಚ್ಕೊಂಡು ನೋಡಬಹುದು ಎಂದದ್ದು.

ಮ್ಯಾನೇಜರ್ ಹೆಂಡತಿಯನ್ನು ಕರೆದುಕೊಂಡು ಹೋಗಿ ನೋಡಿದ್ದು ಭಾನುವಾರ ಸಂಜೆ. ಸೋಮವಾರ ಬೆಳಿಗ್ಗೆ ವಿಮರ್ಶಕ ಬ್ಯಾಗ್ ಇಡುವಷ್ಟರಲ್ಲಿ ಕ್ಯಾಬಿನ್ನಿಂದ ಕರೆ ಬಂತು.

"ಕೂತ್ಕೊಳ್ಳಿ," ಎಂದರು ಮ್ಯಾನೇಜರ್. ಮುಖ ಸಾವಿನ ಮನೆಯಿಂದ ಬಂದವರಂತಿತ್ತು. "ನಿಮ್ಮ ಮಾತು ನಂಬ್ಕೊಂಡು ನಿನ್ನೆ ಹೋಗಿದ್ದೆ. ಒಬ್ಬ ಮುದುಕ ಬಾವಿ ಕಟ್ಟೆ ಮೇಲೆ ಕೂತ್ಕೋತಾನೆ. ಸಿನಿಮಾ ಮುಗಿಯೋವರೆಗೂ ಕೂತೇ ಇರ್ತಾನೆ. ನೀರು ಸೇದಲ್ಲ. ಎದ್ದು ಹೋಗಲ್ಲ. ಕೊನೇಲಿ ಒಂದು ಸಲ ಕೆಮ್ಮುತಾನೆ. ಮುಗೀತು."

"ಹೌದಾ ಸಾರ್?" ಎಂದು ವಿಮರ್ಶಕನ ಬಾಯಿ ತಪ್ಪಿ ಬಂತು. ತಕ್ಷಣ, "ಹೌದು ಸಾರ್," ಎಂದು ತಿದ್ದಿಕೊಂಡ.

"ಎರಡು ಸಲ ನೋಡಿದೀರಂತೆ. ಏನು ಕಂಡಿತು ನಿಮಗೆ ಅದರಲ್ಲಿ?"

"ಶಾಂತಿ ಸಾರ್."

"ನಮ್ಮ ಮನೇಲಿ ಅದೇ ಹೋಯ್ತಲ್ಲ ರೀ. ನನ್ನ ಹೆಂಡತಿ ನಿನ್ನೆಯಿಂದ ಮಾತಾಡ್ತಿಲ್ಲ. ಕಡೇದಾಗಿ ಒಂದು ಮಾತು ಹೇಳಿದ್ದಾಳೆ. ಇದನ್ನ ನೋಡು ಅಂದವನು ದಡ್ಡ ಆಗಿರಬೇಕು, ಇಲ್ಲ ಅರ್ಥ ಆಗದ ನೀವು ದಡ್ಡ ಆಗಿರಬೇಕು, ಸಂಜೆ ಬರುವಾಗ ಯಾರು ಅಂತ ತಿಳ್ಕೊಂಡು ಬನ್ನಿ ಅಂತ."

ದಡ್ಡ ಎನಿಸಿಕೊಳ್ಳಲು ವಿಮರ್ಶಕನದೇನೂ ತಕರಾರಿರಲಿಲ್ಲ; ಭಯ ಬೇರೆಯೇ ಇತ್ತು. ಮ್ಯಾನೇಜರ ಹೆಂಡತಿಯೂ ಇವನ ಹೆಂಡತಿಯೂ ಹಿಂದುಮುಂದಿನ ಬೀದಿಯವರು, ಒಂದೇ ಔಷಧಿ ಅಂಗಡಿಗೆ ಹೋಗುವವರು. ಇವನು ಸಿನಿಮಾ ನೋಡುವುದಿಲ್ಲ, ಮಲಗುತ್ತಾನೆ ಎಂಬ ಸಂಗತಿ ಮ್ಯಾನೇಜರಿಗೆ ಗೊತ್ತಾದರೆ ಅವರ ಹೆಂಡತಿಗೆ ಗೊತ್ತಾಗುತ್ತದೆ. ಅಲ್ಲಿಂದ ಇವನ ಮನೆಗೆ ಬರಲು ಅದಕ್ಕೆ ಬಸ್ಸು ಬೇಕಿಲ್ಲ. ಬಂದ ದಿನ ಭಾನುವಾರದ ನಿದ್ದೆ ಹೋಯಿತು. ವಾರದಲ್ಲಿ ಅವನು ಮನುಷ್ಯನಂತಿರುತ್ತಿದ್ದುದು ಅದೊಂದೇ ಆಧಾರದ ಮೇಲೆ. ಅದಕ್ಕಿಂತ ಹೆಚ್ಚಾಗಿ, ಹೆಂಡತಿ ಚಪ್ಪಲಿ ತಂದಿಟ್ಟದ್ದು ನೆನಪಾದರೆ ಅವನಿಗೆ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಡಬ್ ಎಂದಿತು. ಫ್ಯಾನು ನಿಂತವು, ಕಂಪ್ಯೂಟರುಗಳು ಸತ್ತವು. ವಿಚಾರಿಸಿದರೆ ಸಂಜೆಯವರೆಗೆ ಕರೆಂಟಿಲ್ಲ ಎಂದರು. ಊಟದ ಹೊತ್ತಿಗೆ ಬೆವರಿನಲ್ಲಿ ತೊಯ್ದ ಮ್ಯಾನೇಜರಿಗೆ ಒಂದು ಯೋಚನೆ ಹೊಳೆಯಿತು.

"ಹೇಗೂ ಕೆಲಸ ಇಲ್ಲ. ಮಧ್ಯಾಹ್ನದ ಆಟಕ್ಕೆ ಎಲ್ಲ ಹೋಗೋಣ. ನೀವು ನನ್ನ ಪಕ್ಕ ಕೂತು ಎಲ್ಲಿ ನೋಡಬೇಕು, ಏನು ತಿಳ್ಕೋಬೇಕು ಹೇಳ್ಕೊಡಿ. ಸಂಜೆ ನಾನು ಮನೇಲಿ ತಲೆ ಎತ್ಕೊಂಡು ಉತ್ತರ ಕೊಡ್ತೀನಿ."

ಎಲ್ಲ ಎಂದರೆ ನಾಲ್ಕೇ ಜನ: ಮ್ಯಾನೇಜರ್, ವಿಮರ್ಶಕ, ಕ್ಯಾಷಿಯರ್ ಅಕ್ಕ, ಗೋದಾಮಿನ ಉಸ್ತುವಾರಿ ನೋಡುವ ದಪ್ಪಣ್ಣ. ಕ್ಯಾಷಿಯರ್ ಅಕ್ಕನಿಗೆ ಅಳಿಸುವ ಸಿನಿಮಾ ಬೇಕು. ದಪ್ಪಣ್ಣನಿಗೆ ಹೊಡೆದಾಟ ಬೇಕು. ಥಿಯೇಟರಿನ ಮುಂದೆ ನಿಂತು ಇಬ್ಬರೂ ತಮ್ಮ ತಮ್ಮ ಪೋಸ್ಟರಿಗೆ ವಾದಿಸುತ್ತಿರುವಾಗ ವಿಮರ್ಶಕ ಗಂಟಲು ಸರಿಮಾಡಿಕೊಂಡ. ಅವನು ದಾರಿಯುದ್ದಕ್ಕೂ ಯೋಚಿಸಿದ್ದ. ಎಚ್ಚರವಿರಬೇಕೆಂದರೆ ಅವನಿಗೆ ಇದ್ದದ್ದು ಒಂದೇ ದಾರಿ.

"ಹಾಸ್ಯದ್ದು ನೋಡೋಣ ಸಾರ್."

ಮೂವರೂ ತಿರುಗಿ ನೋಡಿದರು.

"ನೆಮ್ಮದಿ ಹಾಳು ಮಾಡುತ್ತೆ ಅಂದಿದ್ರಿ," ಎಂದಳು ಕ್ಯಾಷಿಯರ್ ಅಕ್ಕ.

"ಒಂದೊಂದು ಸಲ ಹಾಳಾಗಬೇಕು ಅಕ್ಕ. ಇಲ್ಲ ಅಂದ್ರೆ ದೆವ್ವದ್ದಕ್ಕೆ ಹೋಗೋಣ. ಅದೂ ಬೇಡ್ವಾ, ದಪ್ಪಣ್ಣ ಹೇಳಿದ ಹೊಡೆದಾಟ..."

ಮ್ಯಾನೇಜರ್ ಅವನ ಹೆಗಲ ಮೇಲೆ ಕೈ ಇಟ್ಟರು. "ನನಗೆ ಅರ್ಥ ಆಯ್ತು ರೀ. ಇವರಿಗೆ ಇದೆಲ್ಲ ತಲೆಗೆ ಹೋಗಲ್ಲ ಅಂತ ನಮ್ಮ ಮಟ್ಟಕ್ಕೆ ಇಳೀತಿದೀರಿ. ಬೇಡ. ನಾವೇ ಹತ್ತೋಣ." ಬಾವಿಯ ಸಿನಿಮಾಕ್ಕೆ ನಾಲ್ಕು ಟಿಕೆಟ್ ತೆಗೆದರು.

ಒಳಗೆ ಅಲ್ಲೊಬ್ಬರು ಇಲ್ಲೊಬ್ಬರು ಬಿಟ್ಟರೆ ನರಪಿಳ್ಳೆ ಇಲ್ಲ. ವಿಮರ್ಶಕನ ಬಲಕ್ಕೆ ಮ್ಯಾನೇಜರ್, ಎಡಕ್ಕೆ ದಪ್ಪಣ್ಣ, ಅವನಾಚೆ ಕ್ಯಾಷಿಯರ್ ಅಕ್ಕ. ಕತ್ತಲಾಯಿತು. ತಣ್ಣನೆಯ ಗಾಳಿ ಮೇಲಿನಿಂದ ಇಳಿಯಿತು. ಪರದೆಯ ಮೇಲೆ ಬಾವಿ ಕಾಣಿಸಿತು, ಮುದುಕ ಬಂದು ಕೂತ. ವಿಮರ್ಶಕನ ರೆಪ್ಪೆಗಳು ತಮ್ಮ ಪಾಡಿಗೆ ತಾವು, ಭಾನುವಾರದ ರೂಢಿಯಂತೆ, ಕೆಳಗೆ ಹೊರಟವು.

"ಆ ಬಾವಿ ಅಂದ್ರೆ ಏನು?" ಎಂದು ಮ್ಯಾನೇಜರ್ ಪಿಸುಗುಟ್ಟಿದರು.

ಅವನು ಬೆಚ್ಚಿದ. "ಆಳ ಸಾರ್."

"ಆಳ..." ಮ್ಯಾನೇಜರ್ ಸ್ವಲ್ಪ ಹೊತ್ತು ಚಪ್ಪರಿಸಿದರು. "ಹೌದಲ್ರೀ. ಇದು ನನಗೆ ಹೊಳೀಲೇ ಇಲ್ಲ. ಆ ಮುದುಕ?"

"ಅವನು... ಅದರ ಪಕ್ಕ ಇರೋನು ಸಾರ್."

"ಅಬ್ಬಾ," ಎಂದರು ಮ್ಯಾನೇಜರ್, ಮೆಲ್ಲಗೆ.

ವಿಮರ್ಶಕ ತೊಡೆ ಚಿವುಟಿಕೊಂಡ. ನಾಲಿಗೆ ಕಚ್ಚಿಕೊಂಡ. ಎಚ್ಚರವಾಗಿರಲೆಂದು ಮನಸ್ಸಿನಲ್ಲೇ ಗಿರಾಕಿಗಳ ದೂರುಗಳನ್ನು ಒಂದೊಂದಾಗಿ ನೆನೆಸಿಕೊಂಡ. ಅದರಲ್ಲಿ ಹಾಸಿಗೆಯ ವರ್ಣನೆ ಬಂದು ಇನ್ನಷ್ಟು ತೂಕಡಿಕೆ ಹಿಡಿಯಿತು. ಕೊನೆಗೆ ದಪ್ಪಣ್ಣನ ಹೊಟ್ಟೆಯ ಮೇಲಿಂದ ಬಾಗಿ, "ಅಕ್ಕ, ತಲೆನೋವು. ಮುಲಾಮು ಇದ್ರೆ ಕೊಡಿ," ಎಂದ. ಅವಳ ಕೈಚೀಲದಲ್ಲಿ ಇಲ್ಲದ್ದೇ ಇಲ್ಲ, ಕೊಟ್ಟಳು. ಅವನು ಅದನ್ನು ಹಣೆಗೆ ಹಚ್ಚಲಿಲ್ಲ, ಎರಡೂ ಕಣ್ಣಿನ ಕೆಳಗೆ ಬಳಿದುಕೊಂಡ.

ಉರಿ ಎಂದರೆ ಉರಿ. ಕಣ್ಣಿನಿಂದ ನೀರು ಧಾರಾಕಾರ ಇಳಿಯಿತು. ನಿದ್ದೆ ಮಾತ್ರ ಓಡಿತು. ಕ್ಯಾಷಿಯರ್ ಅಕ್ಕ ಡಬ್ಬಿ ವಾಪಸು ತೆಗೆದುಕೊಳ್ಳುವಾಗ ಅವನ ಮುಖ ನೋಡಿ, ತನ್ನದೂ ಮೂಗು ಒರೆಸಿಕೊಂಡು, "ಇನ್ನೂ ಶುರುವಿನಲ್ಲೇ ಇಷ್ಟು ಕರಗಿಹೋದ್ರಲ್ಲ," ಎಂದಳು.

ಹೀಗೆ, ಎಷ್ಟೋ ತಿಂಗಳುಗಳಲ್ಲಿ ಮೊದಲ ಸಲ, ವಿಮರ್ಶಕ ಒಂದು ಸಿನಿಮಾವನ್ನು ಕಣ್ಣು ಬಿಟ್ಟು ನೋಡಿದ. ಮುದುಕ ಕೂತಿದ್ದ. ನಿಜವಾಗಿಯೂ ಕೂತೇ ಇದ್ದ. ಬಲಗಡೆಯಿಂದ ಪ್ರಶ್ನೆಗಳು ಕಡಿಮೆಯಾಗುತ್ತಾ ಬಂದವು. ತಿರುಗಿ ನೋಡಿದರೆ ಮ್ಯಾನೇಜರ ಬಾಯಿ ತೆರೆದಿದೆ, ತಲೆ ವಾಲುತ್ತಾ ವಾಲುತ್ತಾ ಬಂದು ಇವನ ಭುಜದ ಮೇಲೆ ಇಳಿಯಿತು. ಎಡಗಡೆ ದಪ್ಪಣ್ಣ ಆಗಲೇ ನಿದ್ದೆಗೆ ಹೋಗಿಯಾಗಿತ್ತು. ಅವನಾಚೆ ಕ್ಯಾಷಿಯರ್ ಅಕ್ಕ ಕೈಚೀಲವನ್ನು ತಬ್ಬಿಕೊಂಡು ತೂಕಡಿಸುತ್ತಿದ್ದಳು. ತನ್ನ ಹಾಸಿಗೆಯಲ್ಲಿ ಊರೆಲ್ಲ ಮಲಗಿದೆ, ತಾನೊಬ್ಬ ಕಾವಲು ಕೂತಿದ್ದೇನೆ ಎನಿಸಿ ಅವನಿಗೆ ಹೊಟ್ಟೆ ಉರಿಯಿತು. ಆದರೆ ಒಂದು ಸಮಾಧಾನವೂ ಆಯಿತು. ಎಲ್ಲರೂ ಮಲಗಿದ ಮೇಲೆ ಕೇಳುವವರು ಯಾರು? ಗುಟ್ಟು ಉಳಿಯಿತು, ಭಾನುವಾರ ಉಳಿಯಿತು.

ಆಗ ಪರದೆಯ ಮೇಲೆ ಬಿಸಿಲು ಬಂತು. ಬೆಳಕು ಸೀಟುಗಳ ಮೇಲೆ ಹರಡಿತು. ಮುಂದಿನ ಸಾಲಿನಲ್ಲಿ, ನಾಲ್ಕು ಸೀಟು ಆಚೆ, ಗೋಡೆಗೆ ತಲೆ ಕೊಟ್ಟು ಒಬ್ಬ ಹೆಂಗಸು ಮಲಗಿದ್ದಳು. ಎಡ ಹೆಗಲ ಮೇಲೆ ಮಗುವಿನ ಬಾಯಿ ಒರೆಸುವ ಬಟ್ಟೆ, ತೆಗೆದಿಡಲು ಮರೆತದ್ದು, ಹಾಗೇ ಇತ್ತು. ಆ ಬಟ್ಟೆಯನ್ನು ಅವನು ಬೆಳಿಗ್ಗೆ ತಾನೇ ಹಿಂಡಿ ಒಣಗಿಸಿದ್ದ.

ಅವನ ಹೆಂಡತಿ.

ಸೋಮವಾರ ಮಧ್ಯಾಹ್ನ ಮಕ್ಕಳನ್ನು ಮಹಡಿ ಮೇಲಿನ ಅಜ್ಜಿಯ ಕೈಗೆ ಕೊಟ್ಟು ಅವಳು ಹೊಲಿಗೆ ಕ್ಲಾಸಿಗೆ ಹೋಗುವವಳು. ಹಾಗೆಂದೇ ಅವನು ತಿಳಿದಿದ್ದ. ಒಂದು ಕ್ಷಣ ರೇಗಿತು: ಹೊಲಿಗೆ ಕ್ಲಾಸ್ ಅಂತ ಹೇಳಿ ಇಲ್ಲಿ ಬಂದು ಮಲಗುವುದಾ? ಮರುಕ್ಷಣವೇ ಆ ಪ್ರಶ್ನೆ ಕೇಳುವ ಬಾಯಿ ತನಗಿಲ್ಲ ಎಂದು ಹೊಳೆದು ಸುಮ್ಮನಾದ. ನೋಡುತ್ತಾ ಕೂತ. ಮದುವೆಯಾದ ಹೊಸದರಲ್ಲಿ ಅವಳು ಹೀಗೆಯೇ, ಬಾಯಿ ಒಂಚೂರು ತೆರೆದುಕೊಂಡು, ಯಾರ ಹಂಗೂ ಇಲ್ಲದವಳಂತೆ ಮಲಗುತ್ತಿದ್ದಳು. ಮಕ್ಕಳು ಹುಟ್ಟಿದ ಮೇಲೆ ಅವಳು ಮಲಗಿದ್ದನ್ನು ಅವನು ನೋಡಿಯೇ ಇರಲಿಲ್ಲ. ಎಷ್ಟು ಸೊರಗಿದ್ದಾಳೆ ಎಂದು ಈಗ ಕಂಡಿತು. ಮುಲಾಮು ಯಾವಾಗಲೋ ಆರಿತ್ತು, ಕಣ್ಣಿನ ನೀರು ಮಾತ್ರ ನಿಲ್ಲಲಿಲ್ಲ.

ದಪ್ಪಣ್ಣನ ಗೊರಕೆ ಶುರುವಾಯಿತು. ಗೋದಾಮಿನ ಷಟರ್ ಎಳೆದಂತೆ. ಹೆಂಡತಿಯ ಹುಬ್ಬು ಗಂಟಿಕ್ಕಿತು, ತಲೆ ಅಲುಗಿತು. ವಿಮರ್ಶಕನಿಗೆ ಎಲ್ಲಿಲ್ಲದ ಆತಂಕ. ಬಲ ಭುಜ ಅಲುಗಿಸುವಂತಿಲ್ಲ, ಅದರ ಮೇಲೆ ಮ್ಯಾನೇಜರ್ ಇದ್ದಾರೆ. ಎಡಗೈಯಿಂದ ದಪ್ಪಣ್ಣನ ಗದ್ದ ಎತ್ತಿ ಬಾಯಿ ಮುಚ್ಚಿಸಿದ. ಬಿಟ್ಟರೆ ಮತ್ತೆ ಷಟರ್. ಹಿಡಿದುಕೊಂಡೇ ಕೂತ. ಬಲಕ್ಕೆ ಒಂದು ತಲೆ, ಎಡಗೈಯಲ್ಲಿ ಒಂದು ಗದ್ದ, ಎದುರಿಗೆ ಬಾವಿ. ಮನೆಯಲ್ಲಿ ಮಾಡುತ್ತಿದ್ದುದಕ್ಕಿಂತ ಇದು ಬೇರೆಯೇನಲ್ಲ, ಮಕ್ಕಳು ಸ್ವಲ್ಪ ದೊಡ್ಡವು ಅಷ್ಟೇ. ನಡುವೆ ಒಮ್ಮೆ ದಪ್ಪಣ್ಣ ಕಣ್ಣು ಬಿಟ್ಟು, ಕಣ್ಣೀರು ಸುರಿಸುತ್ತಾ ಮುಂದಕ್ಕೇ ದಿಟ್ಟಿಸುತ್ತಿದ್ದ ಇವನ ಮುಖ ಕಂಡು, ಭಯಭಕ್ತಿಯಿಂದ ಮತ್ತೆ ಮುಚ್ಚಿಕೊಂಡ.

ಮುದುಕ ಕೆಮ್ಮಿದ. ದೀಪ ಹತ್ತಿತು.

ಮ್ಯಾನೇಜರ್ ಎದ್ದು ಮೈಮುರಿದರು. ಮುಖದಲ್ಲಿ ಒಂದು ಕಳೆ ಬಂದಿತ್ತು. "ಎಂಥ ಸಿನಿಮಾ ರೀ," ಎಂದರು. "ನಿನ್ನೆ ನನಗೆ ಒಂದು ಚೂರೂ ಅರ್ಥ ಆಗಿರ್ಲಿಲ್ಲ. ಇವತ್ತು ನೋಡಿ, ಮನಸ್ಸೆಲ್ಲ ಹಗುರ. ಏನೋ ಇಳಿದು ಹೋದ ಹಾಗಿದೆ."

"ನನಗೂ ಹಾಗೇ ಆಯ್ತು ಸಾರ್," ಎಂದಳು ಕ್ಯಾಷಿಯರ್ ಅಕ್ಕ, ಕೈಚೀಲ ಸರಿಮಾಡಿಕೊಳ್ಳುತ್ತಾ. ದಪ್ಪಣ್ಣ ಗದ್ದ ಸವರಿಕೊಂಡು ಹೂಂಗುಟ್ಟಿದ.

"ಹೋಗೋಣ ಬನ್ನಿ ಸಾರ್, ಬೇಗ," ಎಂದು ವಿಮರ್ಶಕ ಆಚೆ ಬದಿಯ ಬಾಗಿಲ ಕಡೆಗೆ ಎಲ್ಲರನ್ನೂ ತಳ್ಳತೊಡಗಿದ. ಅಷ್ಟರಲ್ಲಿ ಮ್ಯಾನೇಜರ ಕಣ್ಣು ಮುಂದಿನ ಸಾಲಿಗೆ ಹೋಯಿತು.

"ಏನ್ರೀ ಇದು ಅನ್ಯಾಯ," ಎಂದರು. "ಇಂಥ ಸಿನಿಮಾಗೆ ಬಂದು ಮಲಗೋದಾ? ಸ್ವಲ್ಪನಾದ್ರೂ ಸಂಸ್ಕಾರ ಬೇಡ್ವಾ? ಎಬ್ಬಿಸ್ರಿ ಅವರನ್ನ."

"ಮಲಗಲಿ ಬಿಡಿ ಸಾರ್."

"ಮಲಗಲಿ ಅಂದ್ರೆ? ನೀವು ಕಣ್ಣೀರು ಹಾಕ್ಕೊಂಡು ನೋಡಿದ ಸಿನಿಮಾ ಇದು. ನೀವು ಎಬ್ಬಿಸ್ತೀರೋ, ನಾನು ಎಬ್ಬಿಸಲೋ?" ಎನ್ನುತ್ತಾ ಮ್ಯಾನೇಜರ್ ಬಗ್ಗಿ ಆ ಸೀಟಿನ ಬೆನ್ನು ಅಲುಗಿಸಲು ಕೈ ಚಾಚಿದರು.

ವಿಮರ್ಶಕ ಆ ಕೈ ಹಿಡಿದುಕೊಂಡ. ತಿಂಗಳಾನುಗಟ್ಟಲೆ ಕಾಪಾಡಿಕೊಂಡು ಬಂದದ್ದು ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೋದರೆ ಹೋಗಲಿ ಎನಿಸಿತು.

"ಅವಳು ನನ್ನ ಹೆಂಡತಿ ಸಾರ್," ಎಂದ. "ಮನೇಲಿ ಅವಳಿ ಮಕ್ಕಳು. ನಿದ್ದೆ ಇಲ್ಲ. ಅದಕ್ಕೇ ಬಂದು ಮಲಗಿದ್ದಾಳೆ. ತಪ್ಪೇನಿಲ್ಲ ಅದರಲ್ಲಿ. ನಾನೂ ಅದಕ್ಕೇ ಬರೋದು. ಮಕ್ಕಳು ಹುಟ್ಟಿದ ಮೇಲೆ ನಾನು ಇವತ್ತಿನವರೆಗೆ ಒಂದು ಸಿನಿಮಾನೂ ನೋಡಿಲ್ಲ ಸಾರ್. ಎಲ್ಲದಕ್ಕೂ ಬಂದು ನಿದ್ದೆ ಮಾಡಿದೀನಿ. ಕಣ್ಮುಚ್ಕೊಂಡು ನೋಡಬಹುದು ಅಂದೆನಲ್ಲ, ಅದು ಅಷ್ಟೇ. ಅದರಲ್ಲಿ ಬೇರೇನೂ ಅರ್ಥ ಇಲ್ಲ."

ವಿಮರ್ಶಕ ತಲೆ ತಗ್ಗಿಸಿ ಬೈಗುಳಕ್ಕೆ ಕಾಯುತ್ತಾ ನಿಂತ. ಎದೆ ಮೇಲಿನ ಭಾರ ಇಳಿದಿತ್ತು, ಅದಂತೂ ನಿಜ.

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. "ಎಂಥ ದೊಡ್ಡ ಮನಸ್ಸು ರೀ ನಿಮ್ಮದು," ಎಂದರು. "ಹೆಂಡತಿ ಮರ್ಯಾದೆ ಉಳಿಸೋಕೆ ನಿಮ್ಮ ಹೆಸರಿಗೇ ಮಸಿ ಬಳ್ಕೊಂಡ್ರಲ್ಲ."

"ಇಲ್ಲ ಸಾರ್, ನಿಜವಾಗಿ..."

"ಸುಮ್ನಿರ್ರೀ. ನಾವೇನು ಕುರುಡರಾ?"

"ನಾನೇ ಕಣ್ಣಾರೆ ನೋಡಿದೀನಿ," ಎಂದಳು ಕ್ಯಾಷಿಯರ್ ಅಕ್ಕ. "ಶುರುವಿಂದ ಗಳಗಳ ಅಳ್ತಿದ್ರು."

"ನಾನೂ ನೋಡಿದೆ," ಎಂದ ದಪ್ಪಣ್ಣ. "ರೆಪ್ಪೆ ಹೊಡೀಲಿಲ್ಲ ಸಾರ್ ಇವರು. ನೋಡಿ ಹೆದರಿಕೆ ಆಯ್ತು ನನಗೆ."

"ಅದು ಮುಲಾಮು," ಎಂದ ವಿಮರ್ಶಕ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಗಲಾಟೆಗೆ ಹೆಂಡತಿ ಎದ್ದಳು. ಕಣ್ಣು ಬಿಟ್ಟರೆ ಎದುರಿಗೆ ಗಂಡ, ಗಂಡನ ಆಫೀಸು. ಅವಳು ಹೆಗಲ ಮೇಲಿನ ಬಟ್ಟೆಯನ್ನು ಮೆಲ್ಲನೆ ಎಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ನೋಡಮ್ಮಾ," ಎಂದರು ಮ್ಯಾನೇಜರ್, ತಂದೆಯಂತೆ, "ನಿಮ್ಮ ಯಜಮಾನರು ಸಾಮಾನ್ಯದವರಲ್ಲ. ನೀವು ಮಲಗಿದ್ದನ್ನ ಮುಚ್ಚಿಡೋಕೆ ತಾನೂ ಸಿನಿಮಾದಲ್ಲಿ ಮಲಗ್ತೀನಿ ಅಂತ ಸುಳ್ಳು ಹೇಳಿದ್ರು. ಇವರು ಮಲಗೋರಾ? ನೀವೇ ಹೇಳಿ."

ಹೆಂಡತಿ ಗಂಡನ ಮುಖ ನೋಡಿದಳು. ಕೆಂಪಗೆ ಊದಿಕೊಂಡ ಕಣ್ಣುಗಳು, ಕೆನ್ನೆಯ ಮೇಲೆ ಮುಲಾಮಿನ ಮಿಂಚು. "ಇವರು ಮಲಗಿದ್ದನ್ನ ನಾನಂತೂ ನೋಡಿಲ್ಲ ಸಾರ್," ಎಂದಳು. ಅವಳು ಹೇಳಿದ್ದೂ ಸತ್ಯವೇ.

"ಮುಗೀತಲ್ಲ," ಎಂದು ಮ್ಯಾನೇಜರ್ ತೀರ್ಪು ಕೊಟ್ಟರು. "ಇಂಥವರನ್ನ ಇಟ್ಕೊಂಡು ಹಾಸಿಗೆ ದೂರು ಕೇಳಿಸ್ತಿದೀವಿ, ನಾಚಿಕೆ ಆಗಬೇಕು ನಮಗೆ. ಈ ವಾರದಿಂದ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮನೆ ಹಾಲ್‌ನಲ್ಲಿ ನೀವು ಸಿನಿಮಾ ಬಗ್ಗೆ ಮಾತಾಡ್ತೀರಿ. ನನ್ನ ಹೆಂಡತಿ ಕೂತು ಕೇಳಲಿ. ಬೀದಿಯವರನ್ನೆಲ್ಲ ಕರೀತೀನಿ."

"ಭಾನುವಾರನಾ ಸಾರ್? ಮಧ್ಯಾಹ್ನನಾ?"

"ಮಿಕ್ಕ ದಿನ ಆಫೀಸಿದೆಯಲ್ರೀ."

ಮ್ಯಾನೇಜರ ಬಳಗ ಆಫೀಸಿನ ಕಡೆ ಹೋಯಿತು. ಗಂಡ ಹೆಂಡತಿ ಮನೆಯ ದಾರಿ ಹಿಡಿದರು. ಸ್ವಲ್ಪ ದೂರ ನಡೆದ ಮೇಲೆ ಅವನೇ, "ಯಾವಾಗಿಂದ?" ಎಂದ.

"ನೀವು ಹೋಗೋಕೆ ಶುರು ಮಾಡಿದ ವಾರದಿಂದ. ಮೊದಲನೇ ಸಲ ನೀವು ಒಂದು ಕಥೆ ಹೇಳಿದ್ರಲ್ಲ, ತುಂಬ ಚೆನ್ನಾಗಿತ್ತು. ಅದನ್ನ ಕಣ್ಣಾರೆ ನೋಡ್ಬೇಕು ಅನ್ನಿಸ್ತು. ಅಜ್ಜಿಗೆ ಹೊಲಿಗೆ ಕ್ಲಾಸ್ ಅಂತ ಹೇಳಿ ಬಂದೆ. ಅಲ್ಲಿ ನೋಡಿದ್ರೆ ನೀವು ಹೇಳಿದ ಕಥೆ ಎಲ್ಲೂ ಇಲ್ಲ. ಓಹೋ, ನಮ್ಮವರು ಮಲಗಿದ್ದಾರೆ ಅಂತ ಗೊತ್ತಾಯ್ತು. ನಾನೂ ಮಲಗಿದೆ."

"ಗೊತ್ತಿದ್ರೂ ಪ್ರತಿವಾರ ಕಥೆ ಕೇಳ್ತಿದ್ದೆ?"

"ಮತ್ತೆ? ಅಲ್ಲಿ ಮುದುಕ ಸುಮ್ನೆ ಕೂತಿರ್ತಾನೆ. ನೀವು ಹೇಳಿದ್ರಲ್ಲಿ ಅವನ ಮಗಳು ವಾಪಸ್ ಬರ್ತಾಳೆ, ಅವಳಿಗೆ ಅವನು ನೀರು ಸೇದಿ ಕೊಡ್ತಾನೆ. ನಿಮ್ಮದೇ ಚೆನ್ನಾಗಿದೆ."

ಅವನಿಗೆ ಒಳಗೊಳಗೇ ಹಿಗ್ಗಾಯಿತು. ಇಂಥವಳ ಮುಂದೆ ಇಷ್ಟು ದಿನ ಹೆದರಿಕೊಂಡು ಬದುಕಿದೆನಲ್ಲ, ಇನ್ನು ಮುಚ್ಚುಮರೆ ಬೇಕಿಲ್ಲ, ರಾಜಾರೋಷವಾಗಿ ಹೋಗಿ ಮಲಗಬಹುದು ಎಂದುಕೊಂಡ. ಆಗಲೇ ಮ್ಯಾನೇಜರ ಮನೆಯ ಹಾಲ್ ನೆನಪಾಗಿ ಹೆಜ್ಜೆ ಭಾರವಾಯಿತು.

ಅವಳೂ ಅದನ್ನೇ ಯೋಚಿಸುತ್ತಿದ್ದಳು ಎಂದು ಕಾಣುತ್ತದೆ.

"ರೀ, ನೀವು ಯಾವ ಸಾಲಲ್ಲಿ ಕೂತ್ಕೋತೀರಿ?"

"ಕಡೇ ಸಾಲಲ್ಲಿ, ಕಂಬದ ಪಕ್ಕ. ಯಾಕೆ?"

"ಗಾಳಿ ಬರುತ್ತಾ?"

"ಚೆನ್ನಾಗಿ ಬರುತ್ತೆ. ಯಾರೂ ದಾಟಿ ಹೋಗಲ್ಲ, ತಲೆ ಒರಗಿಸೋಕೂ ಆಗುತ್ತೆ."

"ಹಾಗಾದ್ರೆ ಭಾನುವಾರ ಅಲ್ಲಿ ನಾನು ಕೂತ್ಕೋತೀನಿ. ಹೇಗೂ ಖಾಲಿ ಇರುತ್ತಲ್ಲ," ಎಂದಳು ಅವಳು. "ಮಕ್ಕಳನ್ನ ನಿಮ್ಮ ಜೊತೆ ಮ್ಯಾನೇಜರ್ ಮನೆಗೆ ಕರ್ಕೊಂಡು ಹೋಗಿ. ನಿಮ್ಮ ಭಾಷಣ ಕೇಳಿ ಅವೂ ಮಲಗಿದ್ರೂ ಮಲಗಬಹುದು."